ಸೀಸೆ ಎಣಿಸಿದ ಕೈ

ನಮ್ಮ ಈ ಪುಟವನ್ನು ಓದುವ ಸೋದರಿಯೊಬ್ಬರು ಬರೆದಿರುವ ಕಾಗದವೊಂದು ಕೆಲವು ದಿನಗಳಿಂದ ನಮ್ಮ ಮೇಜಿನ ಮೇಲೆಯೇ ಇದೆ. ಎರಡು ಸಾಲಿನ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ಆಕೆ ಕೇಳಿರುವ ಪ್ರಶ್ನೆಯು ಒಂದು ಮನೆಯದಲ್ಲ, ಹಲವು ಮನೆಗಳದು ಎಂದು ತೋರಿದುದರಿಂದ ಈ ತಿಂಗಳ ಮಾತಿಗೆ ಅದನ್ನೇ ವಿಷಯವಾಗಿ ತೆಗೆದುಕೊಂಡಿದ್ದೇವೆ. ಹೆಸರನ್ನೂ ಊರನ್ನೂ ಬಿಟ್ಟು ಸಂಗತಿಯನ್ನು ಮಾತ್ರ ಹೇಳುತ್ತೇವೆ.

ಆಕೆಯ ತಮ್ಮನು ನಮ್ಮ ದೇಶದ ಸೈನ್ಯದ ವೈದ್ಯಶಾಖೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಧಿಕಾರಿಯಾಗಿದ್ದು ಈಗ ನಿವೃತ್ತನಾಗಿ ಬಂದಿದ್ದಾನೆ. ಆತನು ವೈದ್ಯನಲ್ಲ, ವೈದ್ಯರಿಗೆ ಬೇಕಾದ ಔಷಧ, ಗಾಯಪಟ್ಟಿ, ಉಪಕರಣ ಮೊದಲಾದುವುಗಳನ್ನು ತರಿಸಿ, ಕಾಪಾಡಿ, ಹೊತ್ತಿಗೆ ಸರಿಯಾಗಿ ತಲಪಿಸುವುದು ಆತನ ಕೆಲಸವಾಗಿತ್ತು. ಔಷಧದ ವ್ಯಾಪಾರಸಂಸ್ಥೆಯೊಂದು ತನ್ನ ಗೋದಾಮನ್ನು ನೋಡಿಕೊಳ್ಳಲು ಒಳ್ಳೆಯ ಸಂಬಳಕ್ಕೆ ಆತನನ್ನು ಕರೆದಿದೆ. ಆತನೋ, ಬಿ.ಎಡ್. ತರಗತಿಗೆ ಸೇರಿ ಪ್ರೌಢಶಾಲೆಯ ಉಪಾಧ್ಯಾಯನಾಗುತ್ತೇನೆಂದು ಹಟ ಹಿಡಿದಿದ್ದಾನೆ. ಮನೆಯ ಹಿರಿಯರಿಗೆ ಇದು ಹಿಡಿಸಿಲ್ಲ. "ಸೀಸೆ ಎಣಿಸಿದವನು ಮಕ್ಕಳಿಗೇನು ಕಲಿಸಿಯಾನು?" ಎಂದು ದೊಡ್ಡಪ್ಪನವರು ಎಲ್ಲರ ಮುಂದೆ ನಕ್ಕುಬಿಟ್ಟರಂತೆ. ತಮ್ಮನು ಊಟದೆಲೆಯ ಮುಂದಿನಿಂದ ಮಾತನಾಡದೆ ಎದ್ದುಹೋದನಂತೆ. "ಅವನಿಗೆ ಓದುವ ಮಕ್ಕಳಿಬ್ಬರಿದ್ದಾರೆ. ನಾವು ಅವನನ್ನು ತಡೆಯಬೇಕೋ, ಬಿಡಬೇಕೋ, ದಯವಿಟ್ಟು ತಿಳಿಸಿ" ಎಂದು ಆಕೆ ಕೇಳಿದ್ದಾರೆ.

ಉತ್ತರಕ್ಕೆ ಮೊದಲು ನಮ್ಮ ಮನೆಯಲ್ಲಿಯೇ ನಡೆದುದೊಂದನ್ನು ನಾಚಿಕೆ ಬಿಟ್ಟು ಹೇಳಿಕೊಳ್ಳುತ್ತೇವೆ. ಹಲವು ವರ್ಷಗಳ ಕೆಳಗೆ ಒಂದು ಮಳೆಗಾಲದ ರಾತ್ರಿ ಮನೆಯ ಮಗುವಿಗೆ ವಾಂತಿಭೇದಿ ಹತ್ತಿತು. ಅಂತಹ ಸಮಯಕ್ಕೆಂದೇ ವೈದ್ಯರು ಹೇಳಿ ತರಿಸಿದ್ದ ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣಗಳು ಮನೆಯಲ್ಲಿದ್ದವು. ಇದ್ದುದು ನಿಜ, ಎಲ್ಲಿವೆ ಎಂಬುದು ಮಾತ್ರ ಯಾರಿಗೂ ತಿಳಿಯದು. ದೀಪ ಹಿಡಿದು ಕಪಾಟು, ಗೂಡು, ಪೆಟ್ಟಿಗೆ ಎಲ್ಲವನ್ನೂ ತಡಕಿದೆವು. ಕೊನೆಗೆ ಬೆಲ್ಲದ ಡಬ್ಬಿಯ ಹಿಂದೆ ಅವು ಸಿಕ್ಕಿದಾಗ ನೋಡುತ್ತೇವೆ: ಬಳಸಬಹುದಾದ ಅವಧಿ ಮುಗಿದು ವರ್ಷಗಳೇ ಕಳೆದಿದ್ದವು. ಅಷ್ಟರಲ್ಲಿ ಅಜ್ಜಿಯು ಒಂದು ಮಾತನ್ನೂ ಆಡದೆ ಕಾಯಿಸಿ ಆರಿಸಿದ ನೀರಿಗೆ ಸಕ್ಕರೆಯನ್ನೂ ಚಿಟಿಕೆ ಉಪ್ಪನ್ನೂ ಅಳತೆಯಿಂದ ಹಾಕಿ ಚಮಚ ಚಮಚವಾಗಿ ಕುಡಿಸುತ್ತಿದ್ದರು. ಬೆಳಗಾಗುವ ಹೊತ್ತಿಗೆ ಮಗು ಕಣ್ಣು ಬಿಟ್ಟಿತು. ಇಲ್ಲದ ಔಷಧಕ್ಕಿಂತ, ಇದ್ದೂ ಕೈಗೆ ಸಿಗದ ಔಷಧವೇ ಹೆಚ್ಚು ಸಂಕಟ ಕೊಡುತ್ತದೆಂಬುದನ್ನು ನಾವು ಅಂದು ಕಂಡೆವು. ಅದಕ್ಕೆ ಸರಿಯಾಗಿ ಇನ್ನೊಂದನ್ನೂ ಕಂಡೆವು: ಅಜ್ಜಿಗೆ ಯಾರೋ ಎಂದೋ ಕಲಿಸಿದ್ದ ಅಳತೆಗೆ ಅವಧಿ ಮುಗಿದಿರಲಿಲ್ಲ.

ಒಂದು ಮನೆಯಲ್ಲಿ ಆದದ್ದು ಒಂದು ದಂಡಿನಲ್ಲಿಯೇ ಆದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯು ದೊಡ್ಡದೊಂದು ನಿದರ್ಶನವನ್ನು ಇಟ್ಟಿದೆ. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರನ್ನು ಕೇಳದ ಓದುಗರು ವಿರಳ. ರಾತ್ರಿಯ ವೇಳೆ ದೀಪ ಹಿಡಿದು ಗಾಯಗೊಂಡವರ ನಡುವೆ ನಡೆದ ಮಹಿಳೆಯೆಂದು ಶಾಲೆಯ ಪುಸ್ತಕದಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೆ ಆಕೆಯ ಇನ್ನೊಂದು ಕೈಯಲ್ಲಿ ಉಗ್ರಾಣದ ಬೀಗದ ಕೈಯೂ ಲೆಕ್ಕದ ಪುಸ್ತಕವೂ ಇದ್ದವೆಂಬುದನ್ನು ಯಾರೂ ಚಿತ್ರವಾಗಿ ಬರೆದು ನಮಗೆ ತೋರಿಸಲಿಲ್ಲ. ಸೈನ್ಯದಲ್ಲಿ ಆಕೆಗೆ ಅಧಿಕಾರಿಯ ಪದವಿಯಿರಲಿಲ್ಲ, ದಾದಿಯರ ಮೇಲ್ವಿಚಾರಣೆ ಮಾತ್ರ ಆಕೆಯದು. ಆದರೂ ಈ ಸೋದರಿಯ ತಮ್ಮನು ಮಾಡಿದ ಕೆಲಸವನ್ನೇ ಆಕೆ ಅಲ್ಲಿ ಮುಖ್ಯವಾಗಿ ಮಾಡಿದುದು. ಅನಂತರ ಆಕೆ ಕೈಯಿಟ್ಟುದು ಶಿಕ್ಷಣಕ್ಕೆ. ಆದುದರಿಂದಲೇ ಆಕೆಯ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

೧೮೫೪ನೆಯ ಇಸವಿಯಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷ ವಹಿಸಿ ರಷ್ಯದ ಮೇಲೆ ಯುದ್ಧಕ್ಕೆ ಹೋದವು. ಕಾಳಗವು ಕ್ರಿಮಿಯಾದಲ್ಲಿ, ಬ್ರಿಟಿಷರ ದೊಡ್ಡ ಆಸ್ಪತ್ರೆಯು ಕಪ್ಪು ಸಮುದ್ರದ ಆಚೆ, ಇಸ್ತಾಂಬುಲಿನ ಎದುರು ದಡದ ಸ್ಕುಟಾರಿಯಲ್ಲಿ. ಗಾಯಾಳುಗಳೂ ರೋಗಿಗಳೂ ಹಡಗಿನಲ್ಲಿ ಸಮುದ್ರ ದಾಟಿಯೇ ಅಲ್ಲಿಗೆ ಬರಬೇಕಾಗಿತ್ತು. ಅಲ್ಲಿನ ದುರವಸ್ಥೆಯ ವರ್ತಮಾನವು ಪತ್ರಿಕೆಗಳಲ್ಲಿ ಪ್ರಕಟವಾಗಿ ಇಂಗ್ಲೆಂಡಿನ ಜನ ತಳಮಳಗೊಂಡರು. ಮಂತ್ರಿ ಸಿಡ್ನಿ ಹರ್ಬರ್ಟರ ಕೋರಿಕೆಯ ಮೇರೆಗೆ ನೈಟಿಂಗೇಲರು ೩೮ ಮಂದಿ ದಾದಿಯರೊಡನೆ ೧೮೫೪ರ ಅಕ್ಟೋಬರ್ ೨೧ರಂದು ಲಂಡನ್ನಿನಿಂದ ಹೊರಟರು. "ಅಲ್ಲಿ ಯಾವುದಕ್ಕೂ ಕೊರತೆಯಿಲ್ಲ" ಎಂಬ ಭರವಸೆ ಸೈನ್ಯದ ವೈದ್ಯ ಇಲಾಖೆಯಿಂದ ಬಂದಿತ್ತು. ಆದರೂ ಆಕೆ ದಾರಿಯಲ್ಲಿ ಮಾರ್ಸೇಲ್ಸ್ ಪಟ್ಟಣದಲ್ಲಿ ನಿಂತು ಆಹಾರವನ್ನೂ ಇತರ ಸಾಮಗ್ರಿಯನ್ನೂ ಕೊಂಡು ಹಡಗಿಗೆ ಏರಿಸಿದರು. ಸಂಸಾರ ನಡೆಸಿದ ನಮ್ಮ ಗೃಹಿಣಿಯರಿಗೆ ಈ ಜಾಗರೂಕತೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲವೂ ಇದೆಯೆಂದು ದೂರದಿಂದ ಬಂದ ಕಾಗದವನ್ನು ನಂಬಿ ಯಾರು ತಾನೆ ಮದುವೆಯ ಅಡಿಗೆಗೆ ಕೈಯಿಡುತ್ತಾರೆ?

ನವೆಂಬರ್ ೪ರಂದು ಆಕೆ ಸ್ಕುಟಾರಿಯನ್ನು ಸೇರಿದರು. ಮರುದಿನವೇ ಇಂಕರ್ಮನ್ನಿನ ಕದನ ನಡೆದು ಗಾಯಾಳುಗಳು ಬರತೊಡಗಿದರು. ಅಲ್ಲಿ ನೋಡಿದರೆ ಮುಖ ತೊಳೆಯಲು ಬೋಗುಣಿಯಿಲ್ಲ, ಒರಸಲು ವಸ್ತ್ರವಿಲ್ಲ, ಸಾಬೂನಿಲ್ಲ, ಉಣ್ಣಲು ಚಮಚವಿಲ್ಲ. ಕಾರಣವೇನು? ದೇಶ ಬಡವಾಗಿರಲಿಲ್ಲ, ಅಧಿಕಾರಿಗಳೆಲ್ಲರೂ ಕೆಟ್ಟವರೂ ಆಗಿರಲಿಲ್ಲ. ಅಂಗಿಯನ್ನೂ ಚಮಚವನ್ನೂ ಸಿಪಾಯಿಯೇ ತನ್ನ ಬೆನ್ನುಚೀಲದಲ್ಲಿ ಆಸ್ಪತ್ರೆಗೆ ತರತಕ್ಕದ್ದೆಂದು ನಿಯಮವಿತ್ತು. ಆದರೆ ಕ್ರಿಮಿಯಾದಲ್ಲಿ ಇಳಿಯುವಾಗ ಮೇಲಿನವರ ಅಪ್ಪಣೆಯಂತೆಯೇ ಸಿಪಾಯಿಗಳು ಬೆನ್ನುಚೀಲಗಳನ್ನು ಹಡಗಿನಲ್ಲಿ ಬಿಟ್ಟಿದ್ದರು. ನಿಯಮದ ಪ್ರಕಾರ ಚಮಚ ಇರಬೇಕು; ಇರಬೇಕಾದುದರಿಂದ ಕೊಡತಕ್ಕದ್ದಿಲ್ಲ; ಕೊಡತಕ್ಕದ್ದಿಲ್ಲವಾದುದರಿಂದ ಕೊಳ್ಳುವುದಕ್ಕೂ ಅಧಿಕಾರವಿಲ್ಲ! ವೈದ್ಯನು ಬೇಕೆಂದು ಬರೆಯುವುದು ಒಂದು ಇಲಾಖೆ, ಉಗ್ರಾಣದಿಂದ ಕೊಡುವುದು ಮತ್ತೊಂದು, ಹೊರಗಿನಿಂದ ಕೊಳ್ಳುವುದು ಇನ್ನೊಂದು. ಮೂವರ ರುಜುವೂ ಕೂಡಿಬರುವಷ್ಟರಲ್ಲಿ ಚಮಚ ಬೇಕಾಗಿದ್ದವನು ಇರುತ್ತಿರಲಿಲ್ಲ.

ಅತ್ತ ಯುದ್ಧಭೂಮಿಯ ಹತ್ತಿರದ ಬಾಲಕ್ಲಾವಾ ಬಂದರಿನಲ್ಲಿ ನಡೆದುದು ಇನ್ನೂ ವಿಚಿತ್ರ. ನವೆಂಬರ್ ೧೪ರ ಬಿರುಗಾಳಿಗೆ ಚಳಿಗಾಲದ ಬಟ್ಟೆ ತುಂಬಿದ್ದ ಹಡಗು ಮುಳುಗಿತು. ಅದು ದೈವದ ಆಟವೆನ್ನೋಣ. ಆದರೆ ರಕ್ತಪಿತ್ತವೆಂಬ ರೋಗದಿಂದ ಸಿಪಾಯಿಗಳ ಒಸಡು ಸೋರುತ್ತಿದ್ದಾಗ, ಅದಕ್ಕೆ ಮದ್ದಾದ ನಿಂಬೆರಸವು ೨೦,೦೦೦ ಪೌಂಡುಗಳಷ್ಟು ಡಿಸೆಂಬರಿನಲ್ಲಿಯೇ ಬಂದರಿಗೆ ಬಂದಿದ್ದೂ ಫೆಬ್ರವರಿಯವರೆಗೆ ಹಂಚಲ್ಪಡಲಿಲ್ಲ. ದಿನದ ಪಡಿಯ ಪಟ್ಟಿಯಲ್ಲಿ ನಿಂಬೆರಸದ ಹೆಸರು ಇರಲಿಲ್ಲವೆಂಬುದೇ ಕಾರಣ. ಕಾಫಿಯನ್ನು ಹುರಿಯದ ಹಸಿ ಬೀಜವಾಗಿಯೇ ಹಂಚಿದರು. ಮಂಜಿನಲ್ಲಿ ನಿಂತವನಿಗೆ ಹುರಿಯಲು ಬಾಣಲೆಯೂ ಇಲ್ಲ, ಸೌದೆಯೂ ಇಲ್ಲ, ಪುಡಿಮಾಡಲು ಯಂತ್ರವೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ "ಕಾಫಿ ಕೊಡಲಾಗಿದೆ." ಚಿಕ್ಕಮಗಳೂರು, ಕೊಡಗಿನ ಓದುಗರು ಇದನ್ನೋದಿ ನಗಲಾರರು, ಹಸಿಬೀಜಕ್ಕೂ ಬಟ್ಟಲಿನ ಕಾಫಿಗೂ ನಡುವೆ ಎಷ್ಟು ಕೈಗಳ ಕೆಲಸವಿದೆಯೆಂಬುದನ್ನು ಅವರು ಬಲ್ಲರು.

ನೈಟಿಂಗೇಲರು ಮಾಡಿದುದು ಈ ನಡುವಿನ ಕೈಗಳ ಕೆಲಸವನ್ನೇ. ತಮ್ಮ ಕೈಯಲ್ಲಿದ್ದ ಹಣದಿಂದಲೂ ಟೈಮ್ಸ್ ಪತ್ರಿಕೆಯು ಜನರಿಂದ ಕೂಡಿಸಿ ಕಳುಹಿಸಿದ್ದ ನಿಧಿಯಿಂದಲೂ ಅಂಗಿ, ಕಾಲುಚೀಲ, ತಟ್ಟೆ, ಚಮಚ, ಸಾಬೂನು, ಪೊರಕೆಗಳನ್ನು ಪೇಟೆಯಲ್ಲಿ ಕೊಂಡು ತಾವೇ ದಾಸ್ತಾನಿಟ್ಟು ಕೊಟ್ಟರು. ವೈದ್ಯನ ಬರಹವಿಲ್ಲದೆ ಕೊಡಲಿಲ್ಲ, ಬರಹವಿದ್ದಲ್ಲಿ ತಡಮಾಡಲಿಲ್ಲ. ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ನೀರು ಕಾಯಿಸುವ ಹಂಡೆಗಳನ್ನು ಹೂಡಿಸಿ, ಸಿಪಾಯಿಗಳ ಹೆಂಡಂದಿರಿಗೆ ಕೂಲಿ ಕೊಟ್ಟು ಬಟ್ಟೆ ಒಗೆಸಿದರು. ಹೊಸದಾಗಿ ೮೦೦ ಮಂದಿ ರೋಗಿಗಳು ಬರುತ್ತಾರೆ, ಇಡುವುದಕ್ಕೆ ಸ್ಥಳವಿಲ್ಲ ಎಂದಾಗ, ಸುಮಾರು ೨೦೦ ಕೆಲಸಗಾರರನ್ನು ತಮ್ಮ ಹೊಣೆಯ ಮೇಲೆಯೇ ಹಿಡಿದು, ಪಾಳುಬಿದ್ದಿದ್ದ ಭಾಗವನ್ನು ದುರಸ್ತಿ ಮಾಡಿಸಿದರು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಕೇಳುವುದಕ್ಕೆ ಬಹು ಚೆನ್ನಾಗಿರುತ್ತದೆ. ಆದರೆ ಅದು ಪೂರ್ತಿ ಸತ್ಯವಾಗಲಾರದು; ಈ ಸೋದರಿಗೆ ಬೇಕಾದ ಉತ್ತರವು ಮುಂದಿನ ಭಾಗದಲ್ಲಿಯೇ ಇದೆ. ಅಂಗಿ ಬಂದಿತು, ಚಮಚ ಬಂದಿತು, ಬಿಸಿಯೂಟವೂ ಬಂದಿತು. ಆದರೂ ಆ ಚಳಿಗಾಲದಲ್ಲಿ ಸ್ಕುಟಾರಿಯ ಸಾವು ಇಳಿಯಲಿಲ್ಲ, ಏರಿತು. ೧೮೫೫ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದವರಲ್ಲಿ ಸತ್ತವರ ಪ್ರಮಾಣವು ನೂರಕ್ಕೆ ೪೨.೭ರಷ್ಟಾಯಿತು. ಮಾರ್ಚ್ ತಿಂಗಳಿನಲ್ಲಿ ಸರ್ಕಾರವು ಕಳುಹಿಸಿದ ಆರೋಗ್ಯ ನಿಯೋಗವು ಬಂದಿತು. ವೈದ್ಯರಾದ ಸದರ್‌ಲೆಂಡ್, ಎಂಜಿನಿಯರಾದ ರಾಲಿನ್‌ಸನ್ ಮೊದಲಾದವರು ಅದರಲ್ಲಿದ್ದರು. ಅವರು ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿಗಳನ್ನು ತೊಳೆಸಿದರು, ನೀರಿನ ದಾರಿಯಲ್ಲಿ ಬಿದ್ದಿದ್ದ ಸತ್ತ ಪ್ರಾಣಿಯ ಹೆಣವನ್ನು ತೆಗೆಸಿದರು, ಗಾಳಿಗೆ ದಾರಿ ಮಾಡಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು. ಜೂನ್ ತಿಂಗಳಿನ ಹೊತ್ತಿಗೆ ಆ ಪ್ರಮಾಣವು ನೂರಕ್ಕೆ ೨.೨ಕ್ಕೆ ಇಳಿಯಿತು.

ಯುದ್ಧ ಮುಗಿದು ೧೮೫೬ರಲ್ಲಿ ದೇಶಕ್ಕೆ ಹಿಂದಿರುಗಿದ ನೈಟಿಂಗೇಲರು, ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ಸಹಾಯದಿಂದ ಸತ್ತವರ ಲೆಕ್ಕವನ್ನು ತಿಂಗಳು ತಿಂಗಳಿಗೂ ಬಿಡಿಸಿ ನೋಡಿದರು. ಕತ್ತಿ ಗುಂಡುಗಳಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹುಪಾಲು ಎಂಬುದು ಅಂಕಿಗಳಿಂದ ಹೊರಪಟ್ಟಿತು. ತಾನು ಹಗಲಿರುಳು ದುಡಿದ ಆಸ್ಪತ್ರೆಯಲ್ಲಿಯೇ, ತನ್ನ ಕಾಲಿನ ಕೆಳಗಿನ ಚರಂಡಿಯಿಂದ ಅಷ್ಟು ಜನ ಹೋದರೆಂಬುದನ್ನು ತನ್ನ ಲೆಕ್ಕವೇ ತನಗೆ ಹೇಳಿದಾಗ ಆ ತಾಯಿಗೆ ಹೇಗಾಗಿದ್ದೀತು! ಕೀರ್ತಿಯನ್ನು ಹೊದ್ದು ಸುಮ್ಮನಿರುವುದು ಆಕೆಗೆ ಸುಲಭವಾಗಿತ್ತು. ಆಕೆ ಹಾಗೆ ಮಾಡದೆ ಆ ಅಂಕಿಗಳನ್ನೇ ಬಣ್ಣದ ಚಕ್ರದ ಚಿತ್ರಗಳಾಗಿ ಬರೆಯಿಸಿ ಅಧಿಕಾರದಲ್ಲಿದ್ದವರ ಕಣ್ಣಿನ ಮುಂದೆ ಹಿಡಿದರು. ಸಾಮಗ್ರಿ ಒದಗಿಸಿದರೆ ಇಂದಿನ ಕೊರತೆ ತೀರುತ್ತದೆ. ತಿಳಿವಳಿಕೆ ಒದಗಿಸದಿದ್ದರೆ ನಾಳೆ ಅದೇ ಕೊರತೆ ಮತ್ತೆ ಹುಟ್ಟುತ್ತದೆ. ಉಗ್ರಾಣದಿಂದ ಪಾಠಶಾಲೆಗೆ ಆಕೆ ನಡೆದ ದಾರಿ ಇದು.

ಈ ದಾರಿಯ ಮೊದಲ ಹೆಜ್ಜೆ ಸ್ಕುಟಾರಿಯಲ್ಲಿಯೇ ಬಿದ್ದಿತ್ತು. ಗುಣವಾಗುತ್ತಿದ್ದ ಸಿಪಾಯಿಗಳು ಕುಡಿತದಲ್ಲಿ ಸಂಬಳ ಕಳೆಯುವುದನ್ನು ಕಂಡು ಆಕೆ ಓದುವ ಕೊಠಡಿಗಳನ್ನೂ ಪಾಠದ ತರಗತಿಗಳನ್ನೂ ತೆರೆಯಿಸಿದರು. ಮನೆಗೆ ಹಣ ಕಳುಹಿಸುವ ಏರ್ಪಾಡು ಮಾಡಿದರು. ಸಿಪಾಯಿಗಳು ಕುಡುಕರು, ಕಲಿಯುವವರಲ್ಲ ಎಂದು ಹೇಳುತ್ತಿದ್ದವರ ಮುಂದೆ ಅವರೇ ಆರು ತಿಂಗಳೊಳಗೆ ೭೧,೦೦೦ ಪೌಂಡ್ ಹಣವನ್ನು ತಮ್ಮ ಸಂಸಾರಗಳಿಗೆ ಕಳುಹಿಸಿದರು.

ಮುಂದೆ ಸೈನ್ಯದ ವೈದ್ಯರಿಗೆ ಆರೋಗ್ಯಶಾಸ್ತ್ರವನ್ನು ಕಲಿಸುವ ಶಾಲೆ ಬೇಕೆಂದು ಆಕೆ ಹಿಡಿದ ಪಟ್ಟಿನಿಂದ ೧೮೬೦ರಲ್ಲಿ ಚ್ಯಾಟಮ್ ಊರಿನ ಫೋರ್ಟ್ ಪಿಟ್ಟಿನಲ್ಲಿ ಸೇನಾ ವೈದ್ಯಶಾಲೆ ಪ್ರಾರಂಭವಾಯಿತು. ೧೮೬೩ರಲ್ಲಿ ಅದು ನೆಟ್ಲಿಗೆ ಹೋಯಿತು. ನಮ್ಮ ದೇಶದ ದಂಡುಗಳಿಗೂ ಜಿಲ್ಲೆಗಳಿಗೂ ಬರುತ್ತಿದ್ದ ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯರು ಅನೇಕ ವರ್ಷ ಅಲ್ಲಿಯೇ ತರಬೇತು ಪಡೆದು ಬಂದವರು. ಇಂಡಿಯಾ ದೇಶವನ್ನು ಆಕೆ ಎಂದೂ ಕಣ್ಣಾರೆ ನೋಡಲಿಲ್ಲ. ಆದರೂ ೧೮೫೯ರಿಂದ ೧೮೬೩ರ ವರೆಗೆ ನಡೆದ ವಿಚಾರಣೆಯಲ್ಲಿ ಇಲ್ಲಿನ ದಂಡುಗಳಿಂದ ತರಿಸಿದ ವರದಿಗಳ ರಾಶಿಯನ್ನು ಓದಿ, ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ ಮಂದಿ ಸಾಯುತ್ತಿರುವುದನ್ನೂ ಅದಕ್ಕೆ ನೀರು ಚರಂಡಿಗಳ ಅವ್ಯವಸ್ಥೆಯೇ ಮುಖ್ಯ ಕಾರಣವೆಂಬುದನ್ನೂ ಎತ್ತಿ ತೋರಿಸಿದರು.

ಅದೇ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಜನರು ಆಕೆಯ ಹೆಸರಿನಲ್ಲಿ ಕೂಡಿಸಿದ್ದ ನಿಧಿಯಿಂದ ದಾದಿಯರ ಶಿಕ್ಷಣಶಾಲೆ ತೆರೆಯಿತು. ವಿದ್ಯಾರ್ಥಿನಿಯರಿಗೆ ಒಂದು ವರ್ಷದ ತರಬೇತು. ಊಟ, ವಸತಿ, ಉಡುಪುಗಳೊಡನೆ ಕೈಖರ್ಚಿಗೆ ೧೦ ಪೌಂಡ್. ರೋಗದ ಕಾರಣ ಆಕೆ ತಾವೇ ತರಗತಿಯಲ್ಲಿ ನಿಂತು ಪಾಠ ಹೇಳಲಿಲ್ಲ. ಅದನ್ನು ಶ್ರೀಮತಿ ವಾರ್ಡ್ರೋಪರ್ ನೋಡಿಕೊಂಡರು. ಆದರೆ ಪ್ರತಿ ವಿದ್ಯಾರ್ಥಿನಿಯ ಹೊತ್ತುಪಾಲನೆ, ಶುಚಿತ್ವ, ನಂಬಿಕೆಗೆ ಅರ್ಹತೆ, ಕೆಲಸದ ನೈಪುಣ್ಯ ಇವುಗಳನ್ನು ತಿಂಗಳಿಗೊಮ್ಮೆ ಪಟ್ಟಿಯಲ್ಲಿ ಬರೆದಿಡಬೇಕೆಂಬ ಏರ್ಪಾಡು ಆಕೆಯದೇ. ಉಗ್ರಾಣದ ಪುಸ್ತಕ ಹಿಡಿದ ಕೈಯ ಗುರುತು ಅಲ್ಲಿಯೂ ಕಾಣುತ್ತದೆ. ಆ ಶಾಲೆಯಿಂದ ಹೊರಟವರು ೧೮೬೫ರಲ್ಲಿ ಲಿವರ್‌ಪೂಲಿನ ಬಡವರ ಆಸ್ಪತ್ರೆಗೆ ಹೋದರು, ೧೮೬೮ರಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ ಹೋದರು. ಹೋದಲ್ಲಿ ತಾವೂ ಕಲಿಸಿದರು. ಸ್ಕುಟಾರಿಯ ಉಗ್ರಾಣದ ಸಾಮಾನು ಎಂದೋ ಸವೆದುಹೋಯಿತು. ಶಾಲೆಯಿಂದ ಹೊರಟುದು ಸವೆಯಲಿಲ್ಲ.

ಇದೇ ಸಮಯಕ್ಕೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ೧೮೬೨ರಲ್ಲಿ ಪೊಟೋಮಾಕ್ ಸೇನೆಯ ವೈದ್ಯಾಧಿಕಾರಿಯಾಗಿ ಬಂದ ಜೊನಾಥನ್ ಲೆಟರ್‌ಮನ್ ಎಂಬುವರು ಒಂದು ಸರಳವಾದ ಸಂಗತಿಯನ್ನು ಕಂಡುಕೊಂಡರು. ಪ್ರತಿ ಪಡೆಯೂ ತಿಂಗಳುಗಟ್ಟಲೆಯ ಔಷಧವನ್ನು ಹೊತ್ತು ನಡೆದರೆ, ಹಿಮ್ಮೆಟ್ಟುವ ದಿನ ಎಲ್ಲವನ್ನೂ ದಾರಿಯಲ್ಲಿ ಬಿಟ್ಟು ಓಡಬೇಕಾಗುತ್ತದೆ. ಆದುದರಿಂದ ಸ್ವಲ್ಪವೇ ಹೊತ್ತು, ಅದು ಮುಗಿಯುವ ಮುನ್ನ ಹಿಂದಿನಿಂದ ತುಂಬಿಸುವ ಕ್ರಮವನ್ನು ಅವರು ಏರ್ಪಡಿಸಿದರು. ಗಾಯಾಳುಗಳನ್ನು ಒಯ್ಯುವುದಕ್ಕೆಂದೇ ಬೇರೆ ಬಂಡಿಗಳ ದಳವನ್ನೂ ಕಟ್ಟಿದರು.

ಆದರೆ ಕಲಿತ ಪಾಠವು ಕಲಿಸದಿದ್ದರೆ ಉಳಿಯುವುದಿಲ್ಲ. ಸ್ಕುಟಾರಿಯ ಅರವತ್ತು ವರ್ಷಗಳ ತರುವಾಯ, ೧೯೧೫-೧೬ರಲ್ಲಿ, ಇಂಡಿಯಾದಿಂದ ಹೋದ ಸೈನ್ಯವು ಮೆಸೊಪೊಟೇಮಿಯದಲ್ಲಿ, ಎಂದರೆ ಇಂದಿನ ಇರಾಕಿನಲ್ಲಿ, ತುರ್ಕರೊಡನೆ ಹೋರಾಡುತ್ತಿದ್ದಾಗ ಅದೇ ಕಥೆ ಮರಳಿ ನಡೆಯಿತು. ಕ್ಟೆಸಿಫಾನಿನ ಕದನದಲ್ಲಿ ಗಾಯಗೊಂಡವರನ್ನು ಅದುರುವ ಸಾಮಾನು ಬಂಡಿಗಳಲ್ಲಿ ನದಿಗೆ ತಂದು, ಹಡಗುಗಳಲ್ಲಿ ಒತ್ತೊತ್ತಾಗಿ ತುಂಬಿ, ಹಲವು ದಿನಗಳ ಪಯಣದ ಮೇಲೆ ಬಸ್ರಾಕ್ಕೆ ಮುಟ್ಟಿಸಿದರು. ಎಷ್ಟೋ ಜನರ ಪಟ್ಟಿಯನ್ನು ಬಿಚ್ಚಿ ನೋಡಿದವರೇ ಇರಲಿಲ್ಲ. ಕೊರತೆಯನ್ನು ಬಾಯಿಬಿಟ್ಟು ಹೇಳಿದ ವೈದ್ಯಾಧಿಕಾರಿಯನ್ನು ಮೇಲಿನವರು ಗದರಿಸಿದರು. ೧೯೧೭ರಲ್ಲಿ ಹೊರಬಂದ ವಿಚಾರಣೆಯ ವರದಿಯು ಈ ಅವ್ಯವಸ್ಥೆಯನ್ನು ಕಠಿಣವಾಗಿ ಖಂಡಿಸಿತು. ಗಾಯಗೊಂಡವರಲ್ಲಿ ಬಹುಮಂದಿ ನಮ್ಮ ಹಳ್ಳಿಗಳಂತಹ ಹಳ್ಳಿಗಳಿಂದ ಹೋದವರೇ. "ಸೀಸೆ ಎಣಿಸುವ ಕೆಲಸ" ಎಂದು ನಗುವ ಮುನ್ನ ನಾವು ಅವರನ್ನು ನೆನೆಯಬೇಕು.

ಈಗ ಈ ಕೆಲಸಕ್ಕೆ ಬೇರೆಯ ಅಧಿಕಾರಿಗಳೇ ಇದ್ದಾರೆ. ಅಮೆರಿಕದಲ್ಲಿ ೧೯೧೭ರಲ್ಲಿ ಆರಂಭವಾದ ದಳವು ಬೆಳೆದು ೧೯೪೭ರಿಂದ ಮೆಡಿಕಲ್ ಸರ್ವಿಸ್ ಕೋರ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ನಮ್ಮಲ್ಲಿ ೧೯೪೩ರಲ್ಲಿ ರೂಪುಗೊಂಡ ಸೇನಾ ವೈದ್ಯದಳದಲ್ಲಿಯೂ ವೈದ್ಯರಲ್ಲದ ಅಧಿಕಾರಿಗಳಿದ್ದಾರೆ. ಮುಂಬಯಿ, ದೆಹಲಿ, ಲಕ್ನೋ ನಗರಗಳಲ್ಲಿ ಸಶಸ್ತ್ರಪಡೆಗಳ ಔಷಧದ ಮಹಾ ಉಗ್ರಾಣಗಳಿವೆ. ಲಸಿಕೆಗಳಲ್ಲಿ ಹೆಚ್ಚಿನವನ್ನು ೨ರಿಂದ ೮ ಡಿಗ್ರಿಯ ತಂಪಿನಲ್ಲಿಯೇ ಇಡಬೇಕು. ಒಂದು ರಾತ್ರಿ ವಿದ್ಯುತ್ತು ಹೋದರೂ, ಒಂದು ಪೆಟ್ಟಿಗೆ ಬಿಸಿಲಿನಲ್ಲಿ ಉಳಿದರೂ ನೋಡುವುದಕ್ಕೆ ಸೀಸೆ ಹಾಗೆಯೇ ಇರುತ್ತದೆ, ಒಳಗಿನ ಗುಣ ಹೋಗಿರುತ್ತದೆ. ಮೊದಲು ಅವಧಿ ಮುಗಿಯುವುದನ್ನು ಮೊದಲು ಹೊರಗೆ ಕೊಡಬೇಕು. ನಮ್ಮ ಅಜ್ಜಿಯಂದಿರು ಹಳೆಯ ಅಕ್ಕಿಯನ್ನು ಮೊದಲು ಬಳಸಿ ಹೊಸದನ್ನು ಹಿಂದಕ್ಕೆ ಇಡುತ್ತಿದ್ದಂತೆ. ಎಷ್ಟಿದೆ, ಎಲ್ಲಿದೆ, ಎಂದು ಮುಗಿಯುತ್ತದೆ, ಯಾರಿಗೆ ಮೊದಲು ಬೇಕು: ಈ ನಾಲ್ಕು ಪ್ರಶ್ನೆಗಳಿಗೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಹೇಳಬಲ್ಲವನೇ ಆ ಅಧಿಕಾರಿ.

ಇನ್ನು ಸೋದರಿಯ ಪ್ರಶ್ನೆ. ಇಂತಹವನು ಮಕ್ಕಳಿಗೆ ಏನನ್ನು ಕಲಿಸಿಯಾನು? ಮೂರನ್ನು ಕಲಿಸಿಯಾನೆಂದು ನಮಗೆ ತೋರುತ್ತದೆ. ಮೊದಲನೆಯದು, ಸತ್ಯವಾದ ಲೆಕ್ಕ. ಇಲ್ಲದುದನ್ನು ಇದೆಯೆಂದು ಬರೆದರೆ ಎಲ್ಲಿಯೋ ಒಬ್ಬನ ಪ್ರಾಣ ಹೋಗುತ್ತದೆಂದು ಬಲ್ಲವನು ಹೇಳುವ ಗಣಿತಕ್ಕೆ ಬೇರೆಯ ತೂಕವಿರುತ್ತದೆ. ಎರಡನೆಯದು, ಕೊರತೆಯನ್ನು ಹೊತ್ತಿಗೆ ಮುಂಚೆ ಒಪ್ಪಿಕೊಳ್ಳುವ ಧೈರ್ಯ. ಪಾಠ ತಿಳಿಯಲಿಲ್ಲವೆಂದು ಹೇಳಲಂಜುವ ಮಗುವಿಗೆ ಇದಕ್ಕಿಂತ ಬೇಕಾದ ವಿದ್ಯೆ ಯಾವುದಿದೆ? ಮೂರನೆಯದು, ಕಡೆಯ ಕೈಯ ವಿಚಾರ. ಔಷಧವು ಉಗ್ರಾಣ ಬಿಟ್ಟಿತೆಂಬಲ್ಲಿಗೆ ಕೆಲಸ ಮುಗಿಯದು, ರೋಗಿಯ ಬಾಯಿಗೆ ಬಿದ್ದಾಗಲೇ ಮುಗಿಯುವುದು. ಪಾಠವೂ ಹಾಗೆಯೇ. ಉಪಾಧ್ಯಾಯನು ಹೇಳಿದಾಗ ಪಾಠ ಮುಗಿಯುವುದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿಯ ತಲೆಗೆ ಮುಟ್ಟಿದಾಗ ಮುಗಿಯುತ್ತದೆ. ಹಸಿ ಕಾಫಿಬೀಜವನ್ನು ಹಂಚಿ "ಕೊಡಲಾಗಿದೆ" ಎಂದು ಬರೆಯುವ ಪದ್ಧತಿ ನಮ್ಮ ಶಾಲೆಗಳಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ? ಸೈನ್ಯ ಬಿಟ್ಟವರನ್ನು ಶಾಲೆಗೆ ತರುವುದಕ್ಕಾಗಿಯೇ ಅಮೆರಿಕದಲ್ಲಿ ೧೯೯೦ರ ದಶಕದಲ್ಲಿ ಸರ್ಕಾರವೇ ಒಂದು ಏರ್ಪಾಡನ್ನು ಮಾಡಿತು. ಆದುದರಿಂದ ತಮ್ಮನ ಹಂಬಲವು ಹುಚ್ಚಲ್ಲ.

ಆದರೆ ಆತನಿಗೂ ಒಂದು ಮಾತನ್ನು ಹೇಳತಕ್ಕದ್ದಿದೆ. ಮಕ್ಕಳು ಸೀಸೆಗಳಲ್ಲ. ಒಂದೇ ಅಳತೆಯ ಒಂದೇ ಹೆಸರಿನ ವಸ್ತುಗಳನ್ನು ಸಾಲಾಗಿ ಇಟ್ಟು ಅಭ್ಯಾಸವಾದ ಕಣ್ಣಿಗೆ ತರಗತಿಯು ಮೊದಮೊದಲು ಕಿರಿಕಿರಿ ಮಾಡೀತು. ಅಪ್ಪಣೆಗೆ ಒಗ್ಗಿದ ದನಿಯು ಇಲ್ಲಿ ಕೆಲಸಕ್ಕೆ ಬಾರದು. ತಡವಾಗಿ ಅರಳುವ ಮಗುವಿಗೆ ಅವಧಿ ಮುಗಿಯಿತೆಂದು ಮುದ್ರೆ ಒತ್ತಲಾಗದು. ನೈಟಿಂಗೇಲರ ದೊಡ್ಡತನವೆಲ್ಲ, ತನ್ನ ಶ್ರಮ ಸಾಲದಾಯಿತೆಂದು ಲೆಕ್ಕವು ತೋರಿಸಿದಾಗ ಆ ಲೆಕ್ಕವನ್ನು ಬಚ್ಚಿಡದೆ ಮತ್ತೆ ಕಲಿತುದರಲ್ಲಿದೆ. ಆ ವಿನಯ ಆತನಲ್ಲಿದ್ದರೆ ಉಪಾಧ್ಯಾಯನಾಗಲಿ. ಇಲ್ಲವಾದರೆ ಗೋದಾಮೇ ಲೇಸು. ಊಟದೆಲೆಯಿಂದ ಎದ್ದುಹೋದುದರ ಬದಲು ದೊಡ್ಡಪ್ಪನವರ ಬಳಿ ಕುಳಿತು ತಾನು ಇಷ್ಟು ವರ್ಷ ಮಾಡಿದ ಕೆಲಸವೇನೆಂಬುದನ್ನು ಬಿಡಿಸಿ ಹೇಳಲಿ. ಹಿರಿಯರೊಬ್ಬರಿಗೆ ತಿಳಿಯುವಂತೆ ಅದನ್ನು ಹೇಳಬಲ್ಲನಾದರೆ ಮಕ್ಕಳಿಗೂ ಹೇಳಬಲ್ಲನು. ಅದೇ ಆತನ ಮೊದಲ ಪರೀಕ್ಷೆ.

ಹಣದ ವಿಚಾರವನ್ನು ಮರೆಮಾಚುವುದು ಸರಿಯಲ್ಲ. ಉಪಾಧ್ಯಾಯನಿಗೆ ಗೋದಾಮಿನ ಸಂಬಳ ಬಾರದು, ಬಿ.ಎಡ್. ಓದುವಾಗ ಏನೂ ಬಾರದು. ನಿವೃತ್ತಿ ವೇತನದಲ್ಲಿ ಸಂಸಾರವನ್ನೂ ಮಕ್ಕಳ ಓದನ್ನೂ ನಡೆಸಬಹುದೇ ಎಂಬುದನ್ನು ಗಂಡಹೆಂಡಿರಿಬ್ಬರೂ ಕಾಗದ ಪೆನ್ಸಿಲು ಹಿಡಿದು ಕುಳಿತು ನೋಡಲಿ. ದಾಸ್ತಾನಿನ ಲೆಕ್ಕದಲ್ಲಿ ಪಳಗಿದವನಿಗೆ ಇದು ಕಷ್ಟವಲ್ಲ. ಕಾಗದದಲ್ಲಿ ಆತನ ಹೆಂಡತಿಯ ಅಭಿಪ್ರಾಯ ಕಾಣಲಿಲ್ಲ. ದೊಡ್ಡಪ್ಪನವರ ಮಾತಿಗಿಂತ ಮೊದಲು ಆಕೆಯ ಮಾತನ್ನು ಕೇಳಬೇಕು. ಆಕೆ ಒಪ್ಪಿದರೆ, ಲೆಕ್ಕ ಕೂಡಿದರೆ, ಸೋದರಿಯೆ, ನೀವು ತಡೆಯಬೇಡಿ. ಲೆಕ್ಕ ಕೂಡದಿದ್ದರೆ ಎರಡು ವರ್ಷ ಗೋದಾಮಿನಲ್ಲಿ ದುಡಿದು ಅನಂತರ ಓದಲಿ. ಹಂಬಲವು ನಿಜವಾದುದಾದರೆ ಎರಡು ವರ್ಷಕ್ಕೆ ಕೆಡುವ ಸಾಮಾನಲ್ಲ.

ಉಳಿದ ಓದುಗರಿಗೆ ನಮ್ಮದೊಂದು ಕೋರಿಕೆ. ಬರುವ ಭಾನುವಾರ ಮಧ್ಯಾಹ್ನ ಮನೆಯ ಔಷಧದ ಡಬ್ಬಿಯನ್ನು ನಡುಮನೆಗೆ ತಂದು ಸುರುವಿರಿ. ಓದಲು ಬರುವ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದೊಂದರ ಮೇಲಿನ ಹೆಸರು, ಅವಧಿಗಳನ್ನು ಅದರಿಂದಲೇ ಓದಿಸಿರಿ. ಕೆಟ್ಟುದನ್ನು ತೆಗೆಯಿರಿ, ಉಳಿದುದರ ಪಟ್ಟಿಯನ್ನು ಅದರ ಕೈಯಿಂದಲೇ ಬರೆಯಿಸಿ ಮುಚ್ಚಳದ ಒಳಗೆ ಅಂಟಿಸಿ, ಡಬ್ಬಿಯನ್ನು ಪುಟ್ಟ ಮಕ್ಕಳ ಕೈಗೆ ಎಟುಕದೆ ದೊಡ್ಡವರೆಲ್ಲರಿಗೂ ತಿಳಿದಿರುವ ಒಂದೇ ಸ್ಥಳದಲ್ಲಿ ಇಡಿರಿ. ನಮ್ಮ ಮನೆಯಲ್ಲಿ ಆ ಮಳೆಗಾಲದ ರಾತ್ರಿಯ ಮೇಲೆ ಈ ಪದ್ಧತಿಯನ್ನು ಬಿಟ್ಟಿಲ್ಲ. ಅಂದು ಕಾಯಿಲೆ ಬಿದ್ದಿದ್ದ ಮಗುವೇ ಈಗ ಆ ಪಟ್ಟಿಯನ್ನು ಬರೆಯುವುದು.